ಹಳ್ಳಿಯ ಪತ್ತಿನ ವ್ಯವಹಾರವೂ ಅದನ್ನು ನಡೆಸುವವರ ಶಿಕ್ಷಣವೂ

ಬಿತ್ತನೆಯ ಕಾಲಕ್ಕೆ ಒಕ್ಕಲಿಗನ ಕೈಯಲ್ಲಿ ರೊಕ್ಕವಿರುವುದಿಲ್ಲ. ಸುಗ್ಗಿಯ ಕಾಲಕ್ಕೆ ಅವನ ಕೈಗೆ ಬಂದ ರೊಕ್ಕವು ನಿಲ್ಲುವುದಿಲ್ಲ. ಈ ಎರಡು ಕಾಲಗಳ ನಡುವಣ ತೆರಪನ್ನು ತುಂಬಿಕೊಡುವವನು ಯಾವನೋ ಅವನೇ ಹಳ್ಳಿಯ ನಿಜವಾದ ಒಡೆಯನೆಂಬುದು ಭರತಖಂಡದ ಗ್ರಾಮಜೀವನವನ್ನು ಬಲ್ಲವರಿಗೆಲ್ಲ ತಿಳಿದ ವಿಷಯವಾಗಿದೆ. ಆ ಸ್ಥಾನದಲ್ಲಿ ತಲೆತಲಾಂತರದಿಂದ ಸಾವುಕಾರನು ಕುಳಿತಿದ್ದನು. ಅವನನ್ನು ಅಲ್ಲಿಂದ ಎಬ್ಬಿಸಿ ಸಂಘವನ್ನೋ ಬ್ಯಾಂಕನ್ನೋ ಕುಳ್ಳಿರಿಸಬೇಕೆಂದು ನೂರಿಪ್ಪತ್ತು ವರ್ಷಗಳಿಂದ ನಡೆದ ಪ್ರಯತ್ನಗಳನ್ನು ಕುರಿತು ಬರೆದವರು ಅನೇಕರಿದ್ದಾರೆ. ಕಾಯಿದೆಗಳ ಇತಿಹಾಸ, ಬಂಡವಲದ ಇತಿಹಾಸ, ಬಡ್ಡಿಯ ದರದ ಇತಿಹಾಸ ಇವೆಲ್ಲ ವಿಸ್ತಾರವಾಗಿ ದೊರೆಯುತ್ತವೆ. ಆದರೆ ರೊಕ್ಕವನ್ನು ಎಣಿಸಿಕೊಡುವ ಮನುಷ್ಯನು ಯಾರು, ಅವನಿಗೆ ಆ ಕೆಲಸವನ್ನು ಕಲಿಸಿದವರು ಯಾರು, ಏನನ್ನು ಕಲಿಸಿದರು, ಏನನ್ನು ಕಲಿಸದೆ ಬಿಟ್ಟರು ಎಂಬ ಸಂಗತಿಯು ಮಾತ್ರ ಎಲ್ಲೋ ಒಂದು ಮೂಲೆಯಲ್ಲಿ ಉಳಿದುಹೋಗಿದೆ. ಪ್ರಸ್ತುತ ಲೇಖನದಲ್ಲಿ ಆ ಸಂಗತಿಯನ್ನೇ ಮುಂದಿಟ್ಟುಕೊಳ್ಳಲಾಗಿದೆ.

ಸಾವುಕಾರನ ವಿದ್ಯೆಯನ್ನು ಮೊದಲು ಹೇಳಬೇಕು; ಏಕೆಂದರೆ ಮುಂದೆ ಬಂದವರೆಲ್ಲರೂ ಆ ವಿದ್ಯೆಯೊಡನೆ ಸೆಣಸಬೇಕಾಯಿತು. ಅವನು ಯಾವ ಶಾಲೆಯಲ್ಲಿಯೂ ಕಲಿತವನಲ್ಲ. ಹುಡುಗನಾಗಿದ್ದಾಗ ತಂದೆಯ ಗಾದಿಯ ಬದಿಗೆ ಕುಳಿತು ರೋಜಕೀರ್ದಿ ಬರೆಯುವುದನ್ನು ನೋಡಿದನು. ಪ್ರಾಯಕ್ಕೆ ಬಂದಾಗ ಖತಾವಣಿಯನ್ನು ತಾನೇ ಹಿಡಿದನು. ಯಾರ ಹೊಲ ಎರೆ, ಯಾರದು ಮಸಬು, ಯಾರ ಎತ್ತು ಮುಪ್ಪಾಗಿದೆ, ಯಾರ ಮನೆಯಲ್ಲಿ ಮದುವೆ ಬಂದಿದೆ, ಯಾರು ಮಾತಿಗೆ ತಪ್ಪುವವರು ಎಂಬುದೆಲ್ಲವೂ ಅವನಿಗೆ ಬಾಯಿಪಾಠವಾಗಿತ್ತು. ರಾತ್ರಿ ಬಂದು ಬಾಗಿಲು ತಟ್ಟಿದವನಿಗೂ ಅವನು ರೊಕ್ಕ ಕೊಡಬಲ್ಲವನಾಗಿದ್ದನು, ಅರ್ಜಿ ಕೇಳುತ್ತಿರಲಿಲ್ಲ. ಇದು ಅವನ ಗುಣ. ಅವನ ದೋಷವು ಇದೇ ಜ್ಞಾನದ ಇನ್ನೊಂದು ಮುಖವಾಗಿತ್ತು. ಸಾಲಗಾರನಿಗೆ ಓದಲು ಬಾರದು, ಲೆಕ್ಕ ಬಾರದು; ಸಾವುಕಾರನು ಬರೆದುದೇ ಲೆಕ್ಕ, ಓದಿ ಹೇಳಿದುದೇ ಪತ್ರ. ಜ್ಞಾನವೆಲ್ಲವೂ ಒಂದೇ ಕೈಯಲ್ಲಿದ್ದರೆ ಏನಾಗುವುದೆಂಬುದನ್ನು 1875ನೆಯ ಇಸವಿಯ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸೂಪೆಯ ರೈತರು ತೋರಿಸಿಕೊಟ್ಟರು. ಅಲ್ಲಿ ಆರಂಭವಾಗಿ ಪುಣೆ ಅಹಮದನಗರ ಜಿಲ್ಲೆಗಳಲ್ಲಿ ಹಬ್ಬಿದ ದಂಗೆಯಲ್ಲಿ ಜನರು ಸಾವುಕಾರರ ಪ್ರಾಣಕ್ಕಿಂತ ಹೆಚ್ಚಾಗಿ ಅವರ ಕಾಗದಗಳನ್ನು ಬೇಡಿದರು. ಸಾಲಪತ್ರಗಳು ಕೈಗೆ ಸಿಕ್ಕಲ್ಲಿ ಅವುಗಳನ್ನು ಸುಟ್ಟು ತೃಪ್ತಿಪಟ್ಟರು.

ಸರಕಾರವು ಈ ಪ್ರಕರಣದ ವಿಚಾರಣೆಗಾಗಿ ಆಯೋಗವನ್ನು ನೇಮಿಸಿ, 1879ರಲ್ಲಿ ದಖ್ಖನ ಕೃಷಿಕರ ಪರಿಹಾರದ ಕಾಯಿದೆಯನ್ನು ಜಾರಿಗೆ ತಂದಿತು. ಒಕ್ಕಲಿಗನು ಬರೆದುಕೊಡುವ ಪತ್ರವು ಗ್ರಾಮದ ನೋಂದಣಿ ಅಧಿಕಾರಿಯ ಎದುರಿನಲ್ಲಿ ಆಗಬೇಕೆಂಬ ಏರ್ಪಾಡು ಅದರಲ್ಲಿ ಇತ್ತು. ಅನಂತರ 1883 ಮತ್ತು 1884ರ ಕಾಯಿದೆಗಳ ಮೂಲಕ ಬಾವಿ ತೋಡಿಸಲು, ಬೀಜ ಎತ್ತು ಕೊಳ್ಳಲು ತಗಾವಿಯನ್ನು ಕೊಡುವ ಕ್ರಮವು ಸ್ಥಿರವಾಯಿತು. ಬಡ್ಡಿ ಕಡಿಮೆಯಿದ್ದಾಗ್ಯೂ ತಗಾವಿಗೆ ಜನರು ಹಾತೊರೆಯಲಿಲ್ಲ. ಕಂದಾಯ ವಸೂಲು ಮಾಡುವ ಅಧಿಕಾರಿಯೇ ಸಾಲ ಕೊಡುವವನೂ ಆದನು. ಅವನು ಕಲಿತುದು ವಸೂಲಿಯ ಶಾಸ್ತ್ರವನ್ನೇ ಹೊರತು ಸಾಲದ ಶಾಸ್ತ್ರವನ್ನಲ್ಲ. ರೊಕ್ಕವು ಬಿತ್ತನೆ ಮುಗಿದ ಮೇಲೆ ಬರುವುದು, ವಸೂಲಿಯು ಬೆಳೆ ಮಾರುವುದಕ್ಕೆ ಮೊದಲೇ ಬರುವುದು. ಕಡಿಮೆ ಬಡ್ಡಿಯ ಈ ಸಾಲಕ್ಕಿಂತ ಸಕಾಲದಲ್ಲಿ ಸಿಕ್ಕುವ ಹೆಚ್ಚು ಬಡ್ಡಿಯ ಸಾಲವೇ ಲೇಸೆಂದು ರೈತನು ತಿಳಿದುದರಲ್ಲಿ ಅವಿವೇಕವೇನೂ ಇರಲಿಲ್ಲ.

ಇಷ್ಟರಲ್ಲಿ ಮದ್ರಾಸಿನ ಸರಕಾರವು ತನ್ನ ಅಧಿಕಾರಿಯಾದ ಸರ್ ಫ್ರೆಡರಿಕ್ ನಿಕಲ್ಸನ್ನರನ್ನು ಯೂರೋಪಿನ ಕೃಷಿ ಬ್ಯಾಂಕುಗಳನ್ನು ಅಭ್ಯಸಿಸುವ ಕಾರ್ಯಕ್ಕೆ ನಿಯಮಿಸಿತು. ಅವರ ವರದಿಯು 1895ರಲ್ಲಿಯೂ 1897ರಲ್ಲಿಯೂ ಎರಡು ಸಂಪುಟಗಳಾಗಿ ಹೊರಬಿದ್ದಿತು. ಜರ್ಮನಿಯ ರೈನ್ ಪ್ರಾಂತದಲ್ಲಿ ಬರ ಬಡತನಗಳನ್ನು ಕಣ್ಣಾರೆ ಕಂಡ ರೈಫೈಸನ್ ಎಂಬ ಊರಿನ ಮುಖ್ಯಾಧಿಕಾರಿಯು 1864ರಲ್ಲಿ ಹೆಡೆಸ್ಡಾರ್ಫ್ ಎಂಬಲ್ಲಿ ಸ್ಥಾಪಿಸಿದ ಪತ್ತಿನ ಸಂಘವು ಅವರ ಮನಸ್ಸನ್ನು ಬಹಳವಾಗಿ ಸೆಳೆದಿತ್ತು. ಒಂದು ಊರಿಗೆ ಒಂದು ಸಂಘ. ಸದಸ್ಯರೆಲ್ಲರೂ ಒಬ್ಬರನ್ನೊಬ್ಬರು ಬಲ್ಲವರು. ಒಬ್ಬನ ಸಾಲಕ್ಕೆ ಎಲ್ಲರ ಆಸ್ತಿಯೂ ಹೊಣೆ. ಆಡಳಿತದವರಿಗೆ ಸಂಬಳವಿಲ್ಲ, ಲೆಕ್ಕ ಬರೆಯುವವನಿಗೆ ಮಾತ್ರ ಸಂಭಾವನೆ. ಈ ಏರ್ಪಾಡಿನ ಜಾಣತನವು ಎಲ್ಲಿದೆಯೆಂದರೆ, ಸಾವುಕಾರನ ತಲೆಯೊಳಗಿದ್ದ ಊರಿನ ಜ್ಞಾನವನ್ನು ಅದು ಊರವರ ಸಭೆಯೊಳಕ್ಕೆ ತಂದಿತು. ನಿಕಲ್ಸನ್ನರು ಕಾಯಿದೆಗಿಂತ ಮೊದಲು ರೈಫೈಸನ್ನನಂತಹ ಮನುಷ್ಯರನ್ನು ಹುಡುಕಬೇಕೆಂಬ ತಾತ್ಪರ್ಯವನ್ನು ತಮ್ಮ ವರದಿಯ ಸಾರವಾಗಿ ಕೊಟ್ಟರು. ಸರಕಾರಕ್ಕೆ ಕಾಯಿದೆ ಮಾಡುವುದು ಸುಲಭವಾಗಿ ತೋರಿತು. ಮನುಷ್ಯರನ್ನು ಹುಡುಕುವುದು ಕಷ್ಟವಾಗಿಯೇ ಉಳಿಯಿತು.

ಸಹಕಾರಿ ಪತ್ತಿನ ಸಂಘಗಳ ಕಾಯಿದೆಯು 1904ರ ಮಾರ್ಚ್ ತಿಂಗಳಲ್ಲಿ ಹುಟ್ಟಿತು. ಗ್ರಾಮಸಂಘದ ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲು ಜನರು ಒಕ್ಕಲಿಗರಾಗಿರಬೇಕೆಂದೂ ಹೊಣೆಯು ಅಪರಿಮಿತವಾಗಿರಬೇಕೆಂದೂ ಅದು ವಿಧಿಸಿತು. ಮರುವರ್ಷ, ಎಂದರೆ 1905ರ ಮೇ 8ರಂದು, ಆಗಿನ ಧಾರವಾಡ ಜಿಲ್ಲೆಯ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ಕೃಷಿ ಪತ್ತಿನ ಸಂಘವೊಂದು ನೋಂದಣಿಯಾಯಿತು. ಮುಂಬಯಿ ಪ್ರಾಂತದಲ್ಲಿ ಇಂತಹ ಸಂಘಗಳ ಪೈಕಿ ಇದೇ ಮೊದಲನೆಯದೆಂಬ ಕೀರ್ತಿಯು ಕನ್ನಡನಾಡಿಗೆ ಸಂದಿದೆ. ಅದೇ ವರ್ಷ ಮೈಸೂರು ಸಂಸ್ಥಾನವು ತನ್ನದೇ ಸಹಕಾರಿ ಕಾನೂನನ್ನು ಮಾಡಿಕೊಂಡಿತು. ಸಿದ್ಧನಗೌಡರು ಬ್ಯಾಂಕಿನ ವಿದ್ಯೆಯನ್ನು ಎಲ್ಲಿಯೂ ಕಲಿತವರಲ್ಲ. ಊರಗೌಡಿಕೆಯ ಮನೆತನದವರಾದುದರಿಂದ ಜನರು ಅವರ ಮಾತನ್ನು ನಂಬಿದರು. ಆ ನಂಬಿಕೆಯೇ ಸಂಘದ ಮೊದಲ ಬಂಡವಲವೆನ್ನಬಹುದು. ನಿಕಲ್ಸನ್ನರು ಬಯಸಿದ ಮನುಷ್ಯನು ಒಂದೊಂದು ಊರಿನಲ್ಲಿ ಹೀಗೆ ತಾನಾಗಿಯೇ ದೊರೆತನು. ದೊರೆಯದ ಊರುಗಳ ಗತಿಯೇನೆಂಬುದೇ ಮುಂದಿನ ಕಥೆ.

ಸಂಘಗಳ ಸಂಖ್ಯೆಯು ಬೆಳೆದಂತೆ ಕಾರ್ಯದರ್ಶಿಯ ಪ್ರಶ್ನೆಯು ಎದ್ದಿತು. ಬಹುತರ ಹಳ್ಳಿಗಳಲ್ಲಿ ಬರೆಯಬಲ್ಲವರು ಇಬ್ಬರೇ: ಕುಲಕರ್ಣಿ ಮತ್ತು ಶಾಲೆಯ ಮಾಸ್ತರ. ಅವರಲ್ಲೊಬ್ಬನು ಸಂಘದ ಪುಸ್ತಕವನ್ನು ಹಿಡಿಯುವನು. ಅವನಿಗೆ ತರಬೇತಿಯೆಂದರೆ ಇಲಾಖೆಯ ಲೆಕ್ಕತಪಾಸಣೆಯವನು ವರ್ಷಕ್ಕೊಮ್ಮೆ ಬಂದಾಗ ತಿದ್ದಿ ಹೇಳಿದಷ್ಟೇ. ಇದರಿಂದ ಹುಟ್ಟಿದ ಒಂದು ಕೆಟ್ಟ ರೂಢಿಯನ್ನು ಇಲ್ಲಿ ವಿವರಿಸುವುದು ಅವಶ್ಯವಾಗಿದೆ. ವಾಯಿದೆ ತೀರಿದ ಸಾಲವನ್ನು ಸದಸ್ಯನು ತೀರಿಸಲಾರದೆ ಹೋದಾಗ, ಕಾರ್ಯದರ್ಶಿಯು ಹಳೆಯ ಸಾಲವು ಬಡ್ಡಿಸಹಿತ ಜಮೆಯಾಯಿತೆಂದೂ ಅದೇ ದಿನ ಅಷ್ಟೇ ಮೊತ್ತದ ಹೊಸ ಸಾಲವು ಖರ್ಚಾಯಿತೆಂದೂ ಬರೆಯುವನು. ರೊಕ್ಕವು ಪೆಟ್ಟಿಗೆಯಿಂದ ಹೊರಗೆ ಬಂದಿಲ್ಲ, ಒಳಗೂ ಹೋಗಿಲ್ಲ. ಪುಸ್ತಕದಲ್ಲಿ ಬಾಕಿ ಇಲ್ಲ. ಊರಿನಲ್ಲಿ ಬಾಕಿ ಇಮ್ಮಡಿಯಾಗಿದೆ. ಸಂಘವು ಬಲವಾಗಿದೆಯೆಂದು ವರದಿ ಹೋಗುವುದು, ಆ ವರದಿಯ ಬಲದ ಮೇಲೆ ಮೇಲಿನ ಬ್ಯಾಂಕು ಮತ್ತಷ್ಟು ರೊಕ್ಕ ಕೊಡುವುದು. ಇದು ಯಾವಾಗಲೂ ವಂಚನೆಯೇ ಆಗಿತ್ತೆನ್ನಲಾಗದು. ಮಳೆ ತಪ್ಪಿದ ವರ್ಷದಲ್ಲಿ ನಿಜವಾದ ಕಷ್ಟಕ್ಕೆ ವಾಯಿದೆಯನ್ನು ಮುಂದುವರಿಸುವುದಕ್ಕೂ ಪುಸ್ತಕವನ್ನು ಚೆಂದಗಾಣಿಸುವುದಕ್ಕೂ ಇರುವ ಭೇದವನ್ನು ಅವನಿಗೆ ಕಲಿಸಿದವರು ಯಾರೂ ಇರಲಿಲ್ಲ. ಸದಸ್ಯರಿಗೋ, ಅಪರಿಮಿತ ಹೊಣೆಯೆಂದರೆ ನೆರೆಯವನ ಬಾಕಿಗೆ ತನ್ನ ಹೊಲವೂ ಹೋಗಬಹುದೆಂಬ ಅರ್ಥವು ಜಪ್ತಿಯವರು ಬಂದ ದಿನವೇ ತಿಳಿಯುತ್ತಿತ್ತು.

1914ರಲ್ಲಿ ನೇಮಕವಾದ ಮೆಕ್ಲಗನ್ ಸಮಿತಿಯು ಮರುವರ್ಷ ಒಪ್ಪಿಸಿದ ವರದಿಯಲ್ಲಿ ಈ ರೋಗವನ್ನು ಸರಿಯಾಗಿ ಗುರುತಿಸಿತು. ಸಂಘವನ್ನು ನೋಂದಾಯಿಸುವ ಮುನ್ನ ಸದಸ್ಯರಿಗೆ ಸಹಕಾರದ ತತ್ತ್ವಗಳನ್ನು ತಿಳಿಯಹೇಳಬೇಕೆಂದೂ, ನೋಂದಾಯಿಸಿದ ಮೇಲೂ ಆ ಶಿಕ್ಷಣವು ನಿಲ್ಲಬಾರದೆಂದೂ ಅದು ಬಲವಾಗಿ ಸಾರಿತು. ಇದಕ್ಕೆ ಮುನ್ನವೇ 1911ರಲ್ಲಿ ಸರ್ ವಿಠ್ಠಲದಾಸ ಠಾಕರಸೀ, ಲಲ್ಲೂಭಾಯಿ ಸಾಮಳದಾಸ ಮುಂತಾದವರ ಉದ್ಯಮದಿಂದ ಮುಂಬಯಿಯಲ್ಲಿ ಪ್ರಾಂತಕ್ಕೆಲ್ಲ ಮೇಲಾದ ಸಹಕಾರಿ ಬ್ಯಾಂಕು ಸ್ಥಾಪಿತವಾಗಿತ್ತು. 1912ರ ಎರಡನೆಯ ಕಾಯಿದೆಯು ಜಿಲ್ಲಾ ಬ್ಯಾಂಕುಗಳಿಗೆ ದಾರಿಮಾಡಿತು. 1916ರಲ್ಲಿ ಧಾರವಾಡದಲ್ಲಿಯೂ ಕರ್ನಾಟಕದ ಹೆಸರಿನ ಕೇಂದ್ರ ಸಹಕಾರಿ ಬ್ಯಾಂಕು ಏರ್ಪಟ್ಟಿತು. 1918ರಲ್ಲಿ ಮುಂಬಯಿಯ ಕೇಂದ್ರ ಸಹಕಾರಿ ಸಂಸ್ಥೆಯು ಹುಟ್ಟಿ ಪ್ರಚಾರ ಹಾಗೂ ಶಿಕ್ಷಣಗಳನ್ನೇ ತನ್ನ ಕಾರ್ಯವೆಂದು ಅಂಗೀಕರಿಸಿತು. ಕಾರ್ಯದರ್ಶಿಗಳಿಗಾಗಿ ತರಗತಿಗಳು ನಡೆದುವು. ರೋಜಕೀರ್ದಿ, ಖತಾವಣಿ, ಉಪವಿಧಿಗಳು ಇವುಗಳ ಪಾಠವಾಯಿತು. ಹಳ್ಳಿಯ ಪತ್ತಿನ ಕೆಲಸವು ಕಲಿಯತಕ್ಕ ಒಂದು ವಿದ್ಯೆಯೆಂಬುದು ಇಲ್ಲಿಂದ ಒಪ್ಪಿತವಾಯಿತೆನ್ನಬಹುದು. ಮುಂಬಯಿಯ ಆ ಬ್ಯಾಂಕನ್ನು ಬಹುಕಾಲ ನಡೆಸಿದ ವೈಕುಂಠಭಾಯಿ ಮೆಹತಾ ಅವರು ಈ ಶಿಕ್ಷಣದ ವಿಷಯದಲ್ಲಿ ಎಂದೂ ಬೇಸರಪಡದೆ ದುಡಿದ ಮಹನೀಯರು. ಅವರ ಹೆಸರನ್ನು ಪುಣೆಯ ರಾಷ್ಟ್ರೀಯ ಸಹಕಾರ ಆಡಳಿತ ಸಂಸ್ಥೆಗೆ ಇಟ್ಟಿರುವುದು ಉಚಿತವೇ ಸರಿ.

ಆದರೆ ಕಲಿಸಿದ ವಿದ್ಯೆಯು ಬೇರೂರುವ ಮೊದಲೇ 1929ರ ಆರ್ಥಿಕ ಮುಗ್ಗಟ್ಟು ಬಂದೆರಗಿತು. ಅರಳೆ, ಜೋಳ, ಭತ್ತಗಳ ಬೆಲೆಗಳು ನೆಲಕ್ಕಿಳಿದುವು. ಸಾಲದ ಅಂಕಿ ಮಾತ್ರ ಇಳಿಯಲಿಲ್ಲ. ನೂರು ರೂಪಾಯಿಯ ಸಾಲಕ್ಕೆ ಹಿಂದೆ ಎಷ್ಟು ಅರಳೆ ಮಾರಬೇಕಾಗಿತ್ತೋ ಅದಕ್ಕಿಂತ ಬಹಳ ಹೆಚ್ಚಿನ ಅರಳೆಯನ್ನು ಮಾರಬೇಕಾಯಿತು. ಪುಸ್ತಕದಲ್ಲಿ ಮುಚ್ಚಿಟ್ಟಿದ್ದ ಬಾಕಿಗಳೆಲ್ಲ ಬಯಲಿಗೆ ಬಂದುವು. ಸಂಘಗಳು ಅನೇಕವಾಗಿ ಮುಳುಗಿದುವು.

1935ರ ಏಪ್ರಿಲ್ 1ರಂದು ಕಾರ್ಯಾರಂಭ ಮಾಡಿದ ರಿಸರ್ವ್ ಬ್ಯಾಂಕಿಗೆ ಅದರ ಕಾಯಿದೆಯೇ ಕೃಷಿಪತ್ತಿನ ಇಲಾಖೆಯೊಂದನ್ನು ಕಡ್ಡಾಯ ಮಾಡಿತ್ತು. ದೇಶಕ್ಕೆಲ್ಲ ಮೇಲಾದ ಬ್ಯಾಂಕೊಂದು ಹಳ್ಳಿಯ ಸಾಲವನ್ನು ತನ್ನ ಧರ್ಮವೆಂದು ಬಗೆಯುವುದು ಅಪೂರ್ವ ಸಂಗತಿ. ಆದರೂ ಆ ಇಲಾಖೆಯು ಬಹುಕಾಲ ಅಭ್ಯಾಸ, ಸಲಹೆಗಳಲ್ಲಿಯೇ ಇದ್ದಿತು. 1946ರಲ್ಲಿ ಆರ್. ಜಿ. ಸರೈಯಾ ಅವರ ಅಧ್ಯಕ್ಷತೆಯ ಸಹಕಾರ ಯೋಜನಾ ಸಮಿತಿಯು ತರಬೇತಿಗಾಗಿ ಪ್ರಾಂತಗಳಲ್ಲಿ ಕಾಲೇಜುಗಳು ಬೇಕೆಂದು ಶಿಫಾರಸು ಮಾಡಿತು. ಸ್ವಾತಂತ್ರ್ಯಾನಂತರದಲ್ಲಿ ಗೋರವಾಲಾ ಅವರ ಅಧ್ಯಕ್ಷತೆಯಲ್ಲಿ ನಡೆದ ಅಖಿಲ ಭಾರತ ಗ್ರಾಮೀಣ ಪತ್ತಿನ ಸಮೀಕ್ಷೆಯೇ ಕಣ್ಣು ತೆರೆಸಿತು. 75 ಜಿಲ್ಲೆಗಳ 600 ಹಳ್ಳಿಗಳನ್ನು ಶೋಧಿಸಿ 1954ರಲ್ಲಿ ಪ್ರಕಟಗೊಂಡ ಆ ವರದಿಯ ಅಂಕಿಗಳು ಹೀಗಿದ್ದುವು: ಒಕ್ಕಲಿಗರು ಪಡೆದ ಸಾಲದಲ್ಲಿ ವೃತ್ತಿಯ ಸಾವುಕಾರರ ಪಾಲು ನೂರಕ್ಕೆ 44.8, ಒಕ್ಕಲುತನದೊಡನೆ ಲೇವಾದೇವಿ ಮಾಡುವವರ ಪಾಲು 24.9, ಸರಕಾರದ್ದು 3.3, ಸಹಕಾರಿ ಸಂಘಗಳದು 3.1, ವ್ಯಾಪಾರಿ ಬ್ಯಾಂಕುಗಳದು 0.9. ಐವತ್ತು ವರ್ಷಗಳ ಸಹಕಾರದ ಫಲವು ನೂರಕ್ಕೆ ಮೂರು! ವಾಚಕರು ಈ ಅಂಕಿಯ ಮುಂದೆ ತುಸು ನಿಂತು ಯೋಚಿಸತಕ್ಕದ್ದು. ಕಾಯಿದೆ ಇತ್ತು, ಬ್ಯಾಂಕು ಇತ್ತು, ಇಲಾಖೆಯೂ ಇತ್ತು.

ಸಮಿತಿಯು ಸೂಚಿಸಿದ ಸಮಗ್ರ ಯೋಜನೆಯಲ್ಲಿ ಸಂಘಗಳಲ್ಲಿ ಸರಕಾರದ ಪಾಲುದಾರಿಕೆ, ಸಾಲಕ್ಕೂ ಮಾರಾಟಕ್ಕೂ ಜೋಡಣೆ, ಉಗ್ರಾಣಗಳ ನಿರ್ಮಾಣ ಇವೆಲ್ಲ ಪ್ರಸಿದ್ಧವಾಗಿವೆ. ಇವುಗಳ ಜೊತೆಗೆ ತರಬೇತಿ ಹೊಂದಿದ ದಕ್ಷ ಸಿಬ್ಬಂದಿಯು ಬೇಕೆಂದು ಅದು ಹೇಳಿತು. ಅಷ್ಟಕ್ಕೇ ನಿಲ್ಲದೆ ಆ ಸಿಬ್ಬಂದಿಯು ಹಳ್ಳಿಗರ ಅಗತ್ಯಕ್ಕೆ ಓಗೊಡುವಂತಹುದಾಗಿರಬೇಕೆಂದೂ ಸೇರಿಸಿತು. ಈ ಎರಡನೆಯ ಮಾತು ಬಹಳ ದೊಡ್ಡದು. ಮೊದಲನೆಯದನ್ನು ತರಗತಿಯಲ್ಲಿ ಕಲಿಸಬಹುದು, ಪರೀಕ್ಷೆಯಿಂದ ಅಳೆಯಬಹುದು. ಎರಡನೆಯದನ್ನು ಹೇಗೆ ಕಲಿಸಬೇಕೆಂಬುದು ಅಂದಿನಿಂದ ಇಂದಿನವರೆಗೂ ಎಲ್ಲ ಶಿಕ್ಷಣ ಕೇಂದ್ರಗಳನ್ನೂ ಕಾಡುತ್ತ ಬಂದ ಪ್ರಶ್ನೆಯಾಗಿದೆ.

ಮೊದಲನೆಯ ಭಾಗವು ವೇಗವಾಗಿ ನಡೆಯಿತು. 1953ರಲ್ಲಿಯೇ ಭಾರತ ಸರಕಾರ ಮತ್ತು ರಿಸರ್ವ್ ಬ್ಯಾಂಕುಗಳು ಕೂಡಿ ಸಹಕಾರಿ ಶಿಕ್ಷಣದ ಕೇಂದ್ರ ಸಮಿತಿಯನ್ನು ರಚಿಸಿದ್ದುವು. ಹಿರಿಯ ಅಧಿಕಾರಿಗಳಿಗೆ ಪುಣೆಯಲ್ಲಿ ಕಾಲೇಜು. ಮಧ್ಯಮ ದರ್ಜೆಯವರಿಗೆ ಪುಣೆ, ಮದ್ರಾಸು, ರಾಂಚಿ, ಇಂದೂರು, ಮೀರತ್ತುಗಳಲ್ಲಿ ಪ್ರಾದೇಶಿಕ ಕೇಂದ್ರಗಳು. ಕೆಳಗಿನ ಸಿಬ್ಬಂದಿಗೆ ರಾಜ್ಯಗಳ ಶಾಲೆಗಳು ಎಂಬ ಮೂರು ಅಂತಸ್ತಿನ ವ್ಯವಸ್ಥೆಯಾಯಿತು. 1955ರ ಜುಲೈ 1ರಂದು ಇಂಪೀರಿಯಲ್ ಬ್ಯಾಂಕು ಸ್ಟೇಟ್ ಬ್ಯಾಂಕಾಗಿ ರೂಪಾಂತರ ಹೊಂದಿ, ಚಿಕ್ಕ ಊರುಗಳಲ್ಲಿ ಶಾಖೆ ತೆರೆಯುವ ಹೊಣೆಯನ್ನು ಹೊತ್ತುಕೊಂಡಿತು.

ಇದೇ ಕಾಲಕ್ಕೆ ಕನ್ನಡ ಕರಾವಳಿಯಲ್ಲಿ ಬೇರೊಂದು ಬಗೆಯ ಶಿಕ್ಷಣವು ಸದ್ದಿಲ್ಲದೆ ಬೆಳೆದಿತ್ತು. ಕೈಮಗ್ಗದ ನೇಕಾರರ ದುರವಸ್ಥೆಯನ್ನು ನೋಡಿ ಟಿ. ಎಂ. ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಅವರು 1925ರಲ್ಲಿ ಉಡುಪಿಯಲ್ಲಿ ಎಂಟು ಸಾವಿರ ರೂಪಾಯಿಗಳ ಬಂಡವಲದಿಂದ ಆರಂಭಿಸಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾಯಿತು. 1928ರಲ್ಲಿ ಅದು ಪಿಗ್ಮಿ ಠೇವಣಿಯೆಂಬ ಕ್ರಮವನ್ನು ತಂದಿತು. ಬ್ಯಾಂಕಿನ ಏಜೆಂಟನು ಪ್ರತಿದಿನ ಮನೆಬಾಗಿಲಿಗೆ, ಅಂಗಡಿಗೆ ಹೋಗಿ ಎರಡಾಣೆಯಷ್ಟು ಸಣ್ಣ ಮೊತ್ತವನ್ನು ಕೂಡ ಪಡೆದು ಗುರುತು ಹಾಕಿಕೊಟ್ಟು ಬರುವನು. ಈ ಏಜೆಂಟನು ದೊಡ್ಡ ಪರೀಕ್ಷೆಗಳನ್ನು ಕೊಟ್ಟವನಲ್ಲ. ಆದರೆ ದಿನವೂ ಅದೇ ಬೀದಿಯಲ್ಲಿ ನಡೆದುದರಿಂದ ಯಾರ ವ್ಯಾಪಾರವು ಏರಿತು, ಯಾರದು ಇಳಿಯಿತು, ಯಾರು ಮೂರು ದಿನಗಳಿಂದ ಎರಡಾಣೆಯನ್ನೂ ಕೊಡಲಾರದವರಾಗಿದ್ದಾರೆ ಎಂಬುದನ್ನು ಅವನು ಬ್ಯಾಂಕಿನ ಯಾವ ಅಧಿಕಾರಿಗಿಂತಲೂ ಮೊದಲು ತಿಳಿಯುತ್ತಿದ್ದನು. ಸಾವುಕಾರನ ಆ ಹಳೆಯ ವಿದ್ಯೆಯು ಇಲ್ಲಿ ಅವನ ಗಾದಿಯನ್ನು ಬಿಟ್ಟು ಬೀದಿಗಿಳಿದು ಬಂದಂತಾಯಿತು. ಲೆಕ್ಕದ ಪುಸ್ತಕವು ಮಾತ್ರ ಈ ಸಲ ಠೇವಣಿದಾರನ ಕೈಯಲ್ಲಿಯೂ ಒಂದಿತ್ತು.

1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರದ ಸ್ವತ್ತಾದುವು. ಅವುಗಳಲ್ಲಿ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳೆರಡೂ ಕನ್ನಡ ಕರಾವಳಿಯ ಸಂತಾನಗಳು. ಅಂದು ದೇಶದಲ್ಲಿದ್ದ ಬ್ಯಾಂಕುಶಾಖೆಗಳು ಎಂಟು ಸಾವಿರಕ್ಕಿಂತ ಸ್ವಲ್ಪ ಹೆಚ್ಚು. ಹಳ್ಳಿಗಳಲ್ಲಿ ಇದ್ದವು ಎರಡು ಸಾವಿರವೂ ಅಲ್ಲ. 1990ರ ಹೊತ್ತಿಗೆ ಗ್ರಾಮಶಾಖೆಗಳೇ 34 ಸಾವಿರವನ್ನು ಮೀರಿದುವು. ಇಷ್ಟು ಶಾಖೆಗಳಿಗೆ ಜನರು ಎಲ್ಲಿಂದ ಬಂದರು? ನಗರಗಳಲ್ಲಿ ಹುಂಡಿ, ಒತ್ತೆ, ವ್ಯಾಪಾರಿಯ ಖಾತೆಗಳನ್ನು ನೋಡುತ್ತಿದ್ದ ಯುವಕರು ಒಮ್ಮೆಲೆ ಹಳ್ಳಿಗೆ ವರ್ಗವಾದರು. ಕಬ್ಬು ಎಷ್ಟು ತಿಂಗಳಿಗೆ ಕಡಿಯುವುದೆಂದು ತಿಳಿಯದವನು ಕಬ್ಬಿಗೆ ಸಾಲದ ವಾಯಿದೆಯನ್ನು ಹೇಗೆ ಗೊತ್ತುಮಾಡಬಲ್ಲನು? ಎಮ್ಮೆಯು ಹಾಲು ಬತ್ತಿಸುವ ತಿಂಗಳುಗಳಲ್ಲಿಯೂ ಕಂತು ಕಟ್ಟಬೇಕೆಂದು ಬರೆದ ಸಾಲಪತ್ರವು ಮೊದಲ ವರ್ಷವೇ ಬಾಕಿಯಾಗದೆ ಇನ್ನೇನಾದೀತು?

ಈ ಕೊರತೆಯನ್ನು ನೀಗಿಸಲೆಂದೇ ರಿಸರ್ವ್ ಬ್ಯಾಂಕು 1969ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ ಕಾಲೇಜು ಕೃಷಿ ಬ್ಯಾಂಕಿಂಗಿನ ಕಾಲೇಜೆಂದು ಪ್ರಸಿದ್ಧಿ ಪಡೆಯಿತು. ಮೊದಲು ಸಹಕಾರಿ ಬ್ಯಾಂಕಿನವರಿಗಾಗಿಯೂ ಅನಂತರ ವ್ಯಾಪಾರಿ ಬ್ಯಾಂಕಿನವರಿಗಾಗಿಯೂ ಅದರ ಬಾಗಿಲು ತೆರೆಯಿತು. ಅಲ್ಲಿ ಕಲಿಸುವ ವಿದ್ಯೆಯ ತಿರುಳು ಇಷ್ಟು: ಸಾಲವನ್ನು ಒತ್ತೆಯ ಬೆಲೆಯ ಮೇಲೆ ಕೊಡಬಾರದು, ಹುಟ್ಟುವಳಿಯ ಮೇಲೆ ಕೊಡಬೇಕು. ಬೆಳೆಗೆ ಎಕರೆಗೆ ಇಂತಿಷ್ಟೆಂದು ಗೊತ್ತುಪಡಿಸಿದ ಅಳತೆ. ಬಾವಿಗೆ ನೀರಿನ ಲೆಕ್ಕ. ತೋಟಕ್ಕೆ ಫಸಲು ಬರುವವರೆಗೆ ಕಂತಿನ ಬಿಡುವು. ಕಂತು ಬೀಳಬೇಕಾದ ತಿಂಗಳು ಸುಗ್ಗಿಯ ತಿಂಗಳು. ಮನೆಯ ಖರ್ಚನ್ನು ಕಳೆದ ಮೇಲೆ ಒಕ್ಕಲಿಗನಲ್ಲಿ ಏನುಳಿಯುವುದೆಂದು ಲೆಕ್ಕಹಾಕುವುದನ್ನು ಕಲಿತ ಅಧಿಕಾರಿಯು ಹಳೆಯ ತಗಾವಿಯ ಅಧಿಕಾರಿಗಿಂತ ಬಹಳ ಮುಂದುವರಿದವನೆಂಬುದರಲ್ಲಿ ಸಂದೇಹವಿಲ್ಲ.

ನಗರದಿಂದ ಬಂದವನಿಗೆ ಹಳ್ಳಿಯನ್ನು ಕಲಿಸುವುದಕ್ಕಿಂತ ಹಳ್ಳಿಯವನಿಗೆ ಬ್ಯಾಂಕನ್ನು ಕಲಿಸುವುದೇ ಸುಲಭವೆಂಬ ಇನ್ನೊಂದು ವಿಚಾರವು 1975ರಲ್ಲಿ ನರಸಿಂಹಂ ಅವರ ತಂಡದ ವರದಿಯಲ್ಲಿ ಮೈದಾಳಿತು. ಸಹಕಾರಿ ಸಂಘದ ಊರಪರಿಚಯವೂ ವ್ಯಾಪಾರಿ ಬ್ಯಾಂಕಿನ ಶಿಸ್ತೂ ಒಂದೆಡೆ ಕೂಡಬೇಕು, ನೌಕರರು ಅದೇ ಸೀಮೆಯವರಾಗಿರಬೇಕು, ಸಂಬಳವು ರಾಜ್ಯಸರಕಾರದ ನೌಕರರ ಮಟ್ಟದಲ್ಲಿರಬೇಕು ಎಂಬುದೇ ಗ್ರಾಮೀಣ ಬ್ಯಾಂಕುಗಳ ಕಲ್ಪನೆ. ಅದೇ ವರ್ಷದ ಅಕ್ಟೋಬರ್ 2ರಂದು ಮೊದಲ ಐದು ಬ್ಯಾಂಕುಗಳು ಹುಟ್ಟಿದುವು. ಅವುಗಳಲ್ಲಿ ಮೊರಾದಾಬಾದಿನ ಪ್ರಥಮಾ ಬ್ಯಾಂಕನ್ನು ಹುಟ್ಟುಹಾಕಿದುದು ಸಿಂಡಿಕೇಟ್ ಬ್ಯಾಂಕು. 1976ರಲ್ಲಿ ಬಳ್ಳಾರಿಯಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕು, ಧಾರವಾಡದಲ್ಲಿ ಮಲಪ್ರಭಾ ಗ್ರಾಮೀಣ ಬ್ಯಾಂಕು ತೆರೆದುವು. ಸಾಲ ಕೇಳಲು ಬಂದವನ ಮಾತನ್ನು ಅವನ ಆಡುನುಡಿಯಲ್ಲಿಯೇ ಕೇಳುವವನು ಮೇಜಿನ ಆಚೆಗೆ ಕುಳಿತನು. ಒಂದೇ ಕೆಲಸಕ್ಕೆ ಎರಡು ಸಂಬಳವೇಕೆಂಬ ನೌಕರರ ಪ್ರಶ್ನೆಯು ನ್ಯಾಯವಾದುದೇ ಆಗಿತ್ತು. 1990ರ ನ್ಯಾಯಮಂಡಲಿಯ ತೀರ್ಪು ವ್ಯಾಪಾರಿ ಬ್ಯಾಂಕಿನವರಿಗೆ ಸಮನಾದ ಸಂಬಳವನ್ನು ಅವರಿಗೆ ಕೊಡಿಸಿತು. ಅಲ್ಲಿಗೆ ಕಡಿಮೆ ವೆಚ್ಚದ ಬ್ಯಾಂಕೆಂಬ ಮೂಲಕಲ್ಪನೆಯು ಮುಗಿಯಿತು.

1982ರ ಜುಲೈ 12ರಂದು ನಬಾರ್ಡ್ ಸ್ಥಾಪಿತವಾಗಿ, ಮರುವರ್ಷ ಲಖನೌದಲ್ಲಿ ಗ್ರಾಮಾಭಿವೃದ್ಧಿಗಾಗಿ ಬ್ಯಾಂಕಿನವರ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿತು. ಮಂಗಳೂರಿನಲ್ಲಿಯೂ ಅದರ ಶಿಕ್ಷಣಕೇಂದ್ರವುಂಟು. ಗ್ರಾಮೀಣ ಬ್ಯಾಂಕು, ಸಹಕಾರಿ ಬ್ಯಾಂಕುಗಳ ಅಧಿಕಾರಿಗಳು ತಂಡತಂಡವಾಗಿ ಅಲ್ಲಿಗೆ ಹೋಗಿ ಕಲಿತುಬರುತ್ತಾರೆ. ಆದರೆ ಆ ದಶಕದಲ್ಲಿ ಕಲಿತ ವಿದ್ಯೆಯನ್ನು ನಡೆಸಲು ಅವರಿಗೆ ಎಡೆಯೇ ದೊರೆಯಲಿಲ್ಲವೆಂಬುದನ್ನು ಬಚ್ಚಿಡಬೇಕಾದುದಿಲ್ಲ. 1980ರ ಅಕ್ಟೋಬರಿನಿಂದ ದೇಶಕ್ಕೆಲ್ಲ ವ್ಯಾಪಿಸಿದ ಸಮಗ್ರ ಗ್ರಾಮಾಭಿವೃದ್ಧಿ ಕಾರ್ಯಕ್ರಮದಲ್ಲಿ ಸಾಲಗಾರರ ಪಟ್ಟಿಯು ಬೇರೆ ಕಚೇರಿಯಿಂದ ಸಿದ್ಧವಾಗಿ ಬರುತ್ತಿತ್ತು. ಸಾಲಮೇಳದ ವೇದಿಕೆಯ ಮೇಲೆ ಪತ್ರಗಳನ್ನು ಹಂಚುತ್ತಿದ್ದರು. ಹುಟ್ಟುವಳಿಯ ಲೆಕ್ಕ ಕಲಿತವನು ಗುರಿಯ ಲೆಕ್ಕ ಬರೆದನು. 1990ರಲ್ಲಿ ಹತ್ತು ಸಾವಿರ ರೂಪಾಯಿಗಳವರೆಗಿನ ಸಾಲಮನ್ನಾ ಬಂದಿತು. ಬರದಿಂದ ನೊಂದವನಿಗೆ ಅದು ಉಸಿರಾಯಿತು. ಉಪವಾಸವಿದ್ದು ಕಂತು ಕಟ್ಟಿದವನಿಗೋ ತಾನು ದಡ್ಡನಾದೆನೆಂಬ ಪಾಠವಾಯಿತು.

ಓಗೊಡುವ ಗುಣವನ್ನು ಕಲಿಸುವ ಬಗೆಯು ಒಂದು ಮಟ್ಟಿಗೆ ದೊರೆತುದು ತರಗತಿಯ ಹೊರಗೆ. ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಕೆಲಸ ಮಾಡುತ್ತಿದ್ದ ಮೈರಾಡ ಸಂಸ್ಥೆಯವರು, ಎಂಬತ್ತರ ದಶಕದ ಮಧ್ಯದಲ್ಲಿ ದೊಡ್ಡ ಸಹಕಾರಿ ಸಂಘಗಳು ಒಡೆದಾಗ ಅವುಗಳ ಒಳಗಿಂದ ಸಣ್ಣ ಗುಂಪುಗಳು ಒಟ್ಟಾಗಿ ಉಳಿದುದನ್ನು ಕಂಡರು. ಆ ಗುಂಪಿನವರು ವಾರಕ್ಕೊಮ್ಮೆ ಸೇರಿ ಉಳಿತಾಯ ಮಾಡಿ, ಯಾರಿಗೆ ಸಾಲ ಕೊಡಬೇಕೆಂದು ಬಾಯಿಮಾತಿನಲ್ಲಿ ಚರ್ಚಿಸಿ, ತಾವೇ ತೀರ್ಮಾನಿಸುತ್ತಿದ್ದರು. ಹೆಚ್ಚಿನವರು ಹೆಂಗಸರು. 1992ರಲ್ಲಿ ನಬಾರ್ಡ್ 500 ಸ್ವಸಹಾಯ ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗಕ್ಕೆ ಕೈಹಾಕಿತು. ಬ್ಯಾಂಕಿನ ಅಧಿಕಾರಿಗಳನ್ನು ಈ ಸಂಘಗಳ ಸಭೆಗೆ ಕರೆದೊಯ್ದು ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳ್ಳಿರಿಸುವುದೇ ತರಬೇತಿಯ ಒಂದು ಮುಖ್ಯ ಅಂಗವಾಯಿತು. ಬಾಣಂತನಕ್ಕೆ ಇನ್ನೂರು ರೂಪಾಯಿ ಕೇಳಿದವಳಿಗೂ ಕುರಿಗೆ ಐನೂರು ಕೇಳಿದವಳಿಗೂ ನಡುವೆ ಮೊದಲು ಯಾರೆಂದು ಹೆಂಗಸರು ಹೇಗೆ ನಿರ್ಣಯಿಸುವರೆಂಬುದನ್ನು ಕಂಡ ಅಧಿಕಾರಿಗೆ, ಉತ್ಪಾದಕ ಸಾಲ ಅನುತ್ಪಾದಕ ಸಾಲ ಎಂಬ ಪುಸ್ತಕದ ಭೇದವು ಬಡವರ ಮನೆಯಲ್ಲಿ ಅಷ್ಟು ಬಿಗಿಯಾದುದಲ್ಲವೆಂದು ತಿಳಿಯಿತು. ರೈಫೈಸನ್ನನ ಒಂದೂರಿನ ಸಂಘವು ನೂರಿಪ್ಪತ್ತೈದು ವರ್ಷಗಳ ತರುವಾಯ ಹದಿನೈದಿಪ್ಪತ್ತು ಹೆಂಗಸರ ಚಾಪೆಯ ಮೇಲೆ ಮತ್ತೆ ಹುಟ್ಟಿತು.

ಸಾಲ ಪಡೆಯುವವನಿಗೂ ಶಿಕ್ಷಣ ಬೇಕೆಂಬ ವಿಚಾರದಲ್ಲಿಯೂ ಕನ್ನಡನಾಡು ಹಿಂದೆ ಬಿದ್ದಿಲ್ಲ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಮಂಜುನಾಥೇಶ್ವರ ಸಂಸ್ಥೆಯೂ ಸಿಂಡಿಕೇಟ್ ಹಾಗೂ ಕೆನರಾ ಬ್ಯಾಂಕುಗಳೂ ಕೂಡಿ ಸ್ಥಾಪಿಸಿದ ರುಡ್‌ಸೆಟಿಯು ನಿರುದ್ಯೋಗಿ ತರುಣರಿಗೆ ಕೆಲವೇ ವಾರಗಳ ಕಸುಬಿನ ಪಾಠವನ್ನೂ, ಅನಂತರ ಬಹುಕಾಲ ಬೆನ್ನಿಗೆ ನಿಂತು ಬ್ಯಾಂಕುಸಾಲ ದೊರಕಿಸುವ ಸಹಾಯವನ್ನೂ ಕೊಟ್ಟಿತು. ಆ ಮಾದರಿಯನ್ನೇ 2009ರಿಂದ ದೇಶದ ಜಿಲ್ಲೆಗಳಿಗೆಲ್ಲ ವಿಸ್ತರಿಸಲಾಯಿತು.

2006ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ಶಾಖೆಯಿಲ್ಲದ ಊರುಗಳಲ್ಲಿ ಪ್ರತಿನಿಧಿಗಳ ಮೂಲಕ ವ್ಯವಹಾರ ಮಾಡಲು ಬ್ಯಾಂಕುಗಳಿಗೆ ಅನುಮತಿಯಿತ್ತಿತು. ಬ್ಯಾಂಕ್ ಮಿತ್ರರೆಂದು ಕರೆಯಲ್ಪಡುವ ಇವರಲ್ಲಿ ಕಿರಾಣಿ ಅಂಗಡಿಯವರೂ ಸ್ವಸಹಾಯ ಸಂಘದ ಹೆಂಗಸರೂ ಇದ್ದಾರೆ. 2014ರ ಆಗಸ್ಟ್ 28ರಂದು ಆರಂಭವಾದ ಜನಧನ ಯೋಜನೆಯ ಖಾತೆಗಳು 2023ರ ಆಗಸ್ಟಿನಲ್ಲಿ 50 ಕೋಟಿಯನ್ನು ಮೀರಿದುದು ಬಹುಮಟ್ಟಿಗೆ ಇವರ ದುಡಿಮೆಯಿಂದಲೇ. ಇವರಿಗೂ ಪಾಠವುಂಟು, ಪರೀಕ್ಷೆಯುಂಟು, ಪ್ರಮಾಣಪತ್ರವುಂಟು. ಬೆರಳು ಒತ್ತಿಸಿಕೊಳ್ಳುವ ಯಂತ್ರವನ್ನು ಹಿಡಿದ ಇವರ ಕೈಯಲ್ಲಿ ಮುದುಕಿಯೊಬ್ಬಳ ಪಿಂಚಣಿಯಿದೆ. ಯಂತ್ರವು ಹೇಳಿದ ಮೊತ್ತವನ್ನು ಅವಳು ಓದಲಾರಳು. ರಸೀತಿಯನ್ನು ತಪ್ಪದೆ ಕೊಡಬೇಕು, ಮೊತ್ತವನ್ನು ಗಟ್ಟಿಯಾಗಿ ಹೇಳಬೇಕು ಎಂಬ ಪಾಠವು ಅಲ್ಪವೆಂದು ತೋರಿದರೂ ಸೂಪೆಯ ರೈತರು ಕೇಳಿದುದು ಬಹುಶಃ ಇಷ್ಟನ್ನೇ.

ಶಿಕ್ಷಣವು ವಸೂಲಿಗಷ್ಟೇ ಸೀಮಿತವಾದರೆ ಆಗುವ ಅನರ್ಥವನ್ನೂ ಈ ಶತಮಾನವು ನೋಡಿದೆ. 2010ರ ಅಕ್ಟೋಬರಿನಲ್ಲಿ ಆಂಧ್ರಪ್ರದೇಶದ ಸರಕಾರವು ಕಿರುಸಾಲ ಸಂಸ್ಥೆಗಳ ಬಲಾತ್ಕಾರವನ್ನು ತಡೆಯಲು ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರಕಾರವೂ ಅಂತಹುದೇ ಆಜ್ಞೆಯನ್ನು ತಂದಿತು. ವಾರದ ಕಂತಿಗಾಗಿ ಬಾಗಿಲಿಗೆ ಬಂದು ನಿಲ್ಲುವ ತರುಣನೂ ಹೆಚ್ಚಾಗಿ ಹಳ್ಳಿಯ ಮಗನೇ, ಕಡಿಮೆ ಸಂಬಳದವನೇ. ಒಂದೇ ಮನೆಗೆ ನಾಲ್ಕು ಸಂಸ್ಥೆಗಳು ಸಾಲ ಕೊಟ್ಟುದನ್ನು ಕಂಡಾಗ ಐದನೆಯದನ್ನು ಕೊಡಬಾರದೆಂದು ಹೇಳುವ ಅಧಿಕಾರವು ಅವನಿಗೆ ಇಲ್ಲದಿದ್ದಲ್ಲಿ, ಅವನಿಗೆ ಕಲಿಸಿದ ವಿದ್ಯೆಯು ಎಷ್ಟಿದ್ದರೇನು?

ಸಂಸ್ಥೆಗಳ ರೂಪಗಳು ಇಂದಿಗೂ ಬದಲಾಗುತ್ತಲೇ ಇವೆ. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ತುಂಗಭದ್ರೆಯ ಪರಂಪರೆಯೂ ಮಲಪ್ರಭೆಯ ಪರಂಪರೆಯೂ ಹಲವು ವಿಲೀನಗಳನ್ನು ದಾಟಿ, 2025ರ ಮೇ 1ರಿಂದ ಬಳ್ಳಾರಿಯನ್ನು ಕೇಂದ್ರವಾಗಿಟ್ಟುಕೊಂಡ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಒಂದಾದುವು. ಪ್ರಾಥಮಿಕ ಪತ್ತಿನ ಸಂಘಗಳ ಪೈಕಿ 63,000 ಸಂಘಗಳ ಲೆಕ್ಕವನ್ನು ಗಣಕಯಂತ್ರಕ್ಕೆ ಏರಿಸುವ ಯೋಜನೆಗೆ ಕೇಂದ್ರ ಸರಕಾರವು 2022ರ ಜೂನಿನಲ್ಲಿ ಒಪ್ಪಿಗೆಯಿತ್ತಿತು. ಸಹಕಾರಿ ಶಿಕ್ಷಣಕ್ಕೆಂದೇ ಗುಜರಾತಿನ ಆಣಂದದಲ್ಲಿ ತ್ರಿಭುವನ ಸಹಕಾರಿ ವಿಶ್ವವಿದ್ಯಾಲಯವನ್ನು ಸ್ಥಾಪಿಸುವ ಕಾಯಿದೆಯು 2025ರಲ್ಲಿ ಅಂಗೀಕೃತವಾಯಿತು. ಹಳೆಯ ಬಾಕಿಯನ್ನು ಅದೇ ದಿನದ ಹೊಸ ಸಾಲದಲ್ಲಿ ಮುಚ್ಚಿಬಿಡುವ ಕಾರ್ಯದರ್ಶಿಯ ಆ ಹಳೆಯ ರೂಢಿಯನ್ನು ಗಣಕಯಂತ್ರವು ದಿನಾಂಕಸಹಿತವಾಗಿ ತೋರಿಸಬಲ್ಲುದು. ಅದನ್ನು ಕಂಡ ಅಧಿಕಾರಿಯು ಆ ಮನೆಯ ಹೊಲದಲ್ಲಿ ಆ ವರ್ಷ ಮಳೆಯಾಗಿತ್ತೋ ಇಲ್ಲವೋ ಎಂದು ವಿಚಾರಿಸಲು ಊರಿಗೆ ಹೋಗಿಯೇ ತಿಳಿಯಬೇಕು.